ಆರು ಐವತ್ತೆರಡರ ತೆಂಗಿನಕಾಯಿ

ಗೌರಿಬಿದನೂರು

ನೆಲದ ಅಲುಗಾಟವನ್ನು ಓದುವುದು ನನ್ನ ಕೆಲಸ. ಗೌರಿಬಿದನೂರಿನ ಹೊರಗೆ ಹೊಲಗಳ ನಡುವೆ ಅಲ್ಲಲ್ಲಿ ಗುಂಡಿ ತೋಡಿ, ಬಂಡೆಯ ಮೇಲೆ ಸೂಕ್ಷ್ಮ ಯಂತ್ರಗಳನ್ನು ಕೂರಿಸಿದ್ದಾರೆ. ಅವು ಕಳಿಸುವ ಅಲುಗಾಟವನ್ನು ನಮ್ಮ ಕೋಣೆಯಲ್ಲಿ ಒಂದು ಮುಳ್ಳು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಸಮುದ್ರದಾಚೆ ಭೂಕಂಪವಾದರೂ, ಯಾವುದೋ ದೇಶದ ಮರುಭೂಮಿಯಲ್ಲಿ ನೆಲದಡಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದರೂ ಆ ಗೆರೆ ಒಮ್ಮೆ ನೆಗೆಯುತ್ತದೆ. ಯಾವ ನೆಗೆತ ಯಾವುದರದು ಎಂದು ನಾವು ಹೇಳಬೇಕು. ಈ ಸಂಗತಿ ನಡೆಯುವ ಹೊತ್ತಿಗೆ ನಾನು ಅದನ್ನು ಇಪ್ಪತ್ತೆರಡು ವರ್ಷ ಮಾಡಿದ್ದೆ.

ಹತ್ತಿರದ ಗದ್ದಲವನ್ನು ಬೇರ್ಪಡಿಸುವುದರಲ್ಲೇ ಈ ಕೆಲಸದ ಅರ್ಧ ಭಾಗ ಮುಗಿಯುತ್ತದೆ. ತೊಂಡೇಬಾವಿ ದಾಟುವ ರೈಲು, ಚಿಕ್ಕಬಳ್ಳಾಪುರದ ಕಡೆಯ ಕಲ್ಲು ಕ್ವಾರಿ, ಬೋರ್‌ವೆಲ್ ಲಾರಿ, ಬೇಲಿಯ ಕಂಬಕ್ಕೆ ಮೈ ಉಜ್ಜುವ ಎಮ್ಮೆ ಎಲ್ಲವೂ ಕಾಗದದ ಮೇಲೆ ಬರುತ್ತವೆ. ಆದ್ದರಿಂದ ಕಂಡದ್ದನ್ನು, ಕೇಳಿದ್ದನ್ನು ಗಂಟೆ ನಿಮಿಷ ಸಮೇತ ಆಗಿಂದಾಗಲೇ ಬರೆದುಕೊಳ್ಳುವುದು ನಮ್ಮ ಪದ್ಧತಿ. ಕೈಗಡಿಯಾರವನ್ನು ದಿನವೂ ರೇಡಿಯೊದ ಸಮಯ ಸೂಚನೆಗೆ ಸರಿಮಾಡಿಕೊಳ್ಳುತ್ತೇವೆ. ಆಯುಧ ಪೂಜೆಯ ದಿನ ಆಫೀಸಿನ ಬಾಗಿಲಲ್ಲಿ ಕಾಯಿ ಒಡೆದರೆ ಅದನ್ನೂ ಬರೆಯುತ್ತೇವೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಮೆರಿಕದವರೂ ರಷ್ಯದವರೂ ಒಂದು ಸಣ್ಣ ಕೆಲಸಕ್ಕೆ ಒಪ್ಪಿಕೊಂಡಿದ್ದರು. ರಷ್ಯದವರ ಕೈಕೆಳಗಿದ್ದ ಕಜಕಸ್ತಾನದ ಬಯಲಿನಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ತಮ್ಮ ತಮ್ಮ ಯಂತ್ರ ಇಡಬೇಕು, ಎರಡೂ ಒಂದೇ ಗೆರೆ ಬರೆಯುತ್ತವೆಯೇ ನೋಡಬೇಕು. ಬರೆದರೆ, ಮುಂದೆ ಒಬ್ಬರು ಗುಟ್ಟಾಗಿ ಬಾಂಬು ಪರೀಕ್ಷೆ ಮಾಡಿದರೆ ಇನ್ನೊಬ್ಬರು ಹಿಡಿಯಬಹುದು. ಹಿಡಿಯಬಹುದಾದರೆ ಪರೀಕ್ಷೆ ನಿಲ್ಲಿಸುವ ಮಾತಿಗೆ ಒಂದು ಅರ್ಥ ಬರುತ್ತದೆ. ಯಾವ ಕಡೆಗೂ ಸೇರದ ಕೆಲವು ದೇಶಗಳ ಓದುಗಾರರು ಸಾಕ್ಷಿಗಳಾಗಿ ಕೂರಬೇಕೆಂದು ಗೊತ್ತಾಯಿತು. ನಮ್ಮಿಂದ ಇಬ್ಬರು: ನಾನು, ಮತ್ತು ಮೆಕ್ಯಾನಿಕ್ ಮುನಿರಾಜು. ಅವನು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯವನು; ಮನೆಮಾತು ತೆಲುಗು, ನನಗಿಂತ ಎಂಟು ವರ್ಷ ಚಿಕ್ಕವನು.

ಹೊರಡುವ ಹಿಂದಿನ ದಿನ ನನ್ನ ಹೆಂಡತಿ ರತ್ನ ಪೆಟ್ಟಿಗೆಯಲ್ಲಿ ಒಂದು ತೆಂಗಿನಕಾಯಿ ಇಟ್ಟಳು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆಯ ಮಗಳು ಅವಳು. ಆಯುಧ ಪೂಜೆಯ ದಿನ ನೂಲು ಸುತ್ತುವ ರಾಟೆಗೆ ಕಾಯಿ ಒಡೆಯದೆ ಅವಳ ತವರಲ್ಲಿ ಯಾರೂ ಕೈ ಹಾಕುವುದಿಲ್ಲ.

"ಹಬ್ಬದ ದಿನ ನೀವು ಅಲ್ಲಿರ್ತೀರ. ಪೂಜೆ ಮಾಡ್ದೆ ಯಂತ್ರ ಮುಟ್ತೀರಾ?" ಎಂದಳು.

"ಅದು ನಮ್ಮ ಯಂತ್ರ ಅಲ್ಲ ಕಣೇ. ಅವರದು."

"ಯಾರದಾದ್ರೇನು? ಮುಟ್ಟೋ ಕೈ ನಿಮ್ಮದು ತಾನೆ?"

ಬಾಗಿಲಲ್ಲಿ ನಿಂತಿದ್ದ ಮುನಿರಾಜು ನಕ್ಕ. "ಅಕ್ಕಾ, ಕಾಯಿ ಆಮೇಲಿರ್ಲಿ, ಇನ್ನೊಂದು ಸ್ವೆಟರ್ ಹಾಕಿ. ಅಲ್ಲಿ ಅಣ್ಣ ಗಡಗಡ ನಡುಗಿದ್ರೆ ಯಂತ್ರ ಅದನ್ನೂ ಬರ್ಕೊಂಡ್ಬಿಡುತ್ತೆ."

ರತ್ನ ಇನ್ನೊಂದು ಸ್ವೆಟರ್ ಹಾಕಿದಳು. ಕಾಯಿಯನ್ನು ಮಾತ್ರ ತೆಗೆಯಲಿಲ್ಲ.

ಮಾಸ್ಕೋ

ಮಾಸ್ಕೋ ವಿಮಾನ ನಿಲ್ದಾಣದಲ್ಲಿ ನಾವು ಒಂದೂವರೆ ಗಂಟೆ ನಿಂತದ್ದು ಆ ಕಾಯಿಯಿಂದ. ಸುಂಕದ ಅಧಿಕಾರಿ ಅದನ್ನು ಪೆಟ್ಟಿಗೆಯಿಂದ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ನೀರು ಸದ್ದು ಮಾಡಿತು. ಅವನು ಅದನ್ನು ಬಹಳ ನಿಧಾನವಾಗಿ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ನಮ್ಮ ಹಿಂದಿನ ಸಾಲಿನವರೂ ಸರಿದರು. ಅಷ್ಟು ಜನ ಇದ್ದರೂ ಒಬ್ಬರೂ ಗೊಣಗಲಿಲ್ಲ. ಗೌರಿಬಿದನೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮಗೆ, ಆ ಮೌನವೇ ಅಧಿಕಾರಿಗಿಂತ ಹೆಚ್ಚು ಭಯ ಹುಟ್ಟಿಸಿತು.

ನಮ್ಮನ್ನು ಕರೆದೊಯ್ಯಲು ಬಂದಿದ್ದ ದುಭಾಷಿಯ ಹೆಸರು ನೀನಾ. ಐವತ್ತರ ಹತ್ತಿರದ ಹೆಂಗಸು, ಒಳ್ಳೆಯ ಇಂಗ್ಲಿಷ್ ಮಾತಾಡುತ್ತಿದ್ದರು.

"ಇದು ಯಾಕೆಂದು ಕೇಳುತ್ತಿದ್ದಾರೆ, ರಾಮಯ್ಯನವರೇ."

"ಯಂತ್ರದ ಪೂಜೆಗೆ," ಎಂದೆ.

ಆಕೆ ನನ್ನನ್ನು ಒಂದು ಕ್ಷಣ ನೋಡಿ, ಏನೋ ಬಹಳ ಉದ್ದವಾಗಿ ರಷ್ಯನ್ನಿನಲ್ಲಿ ಹೇಳಿದರು. ಅಧಿಕಾರಿ ಕಾಯಿಯನ್ನು ವಾಪಸು ಕೊಟ್ಟ. ಹೊರಗೆ ಬಂದ ಮೇಲೆ ಏನು ಹೇಳಿದಿರಿ ಎಂದು ಕೇಳಿದೆ. "ನಿಮಗೆ ಹೊಟ್ಟೆ ಸರಿಯಿಲ್ಲ, ಇದು ಔಷಧಿ ಅಂದೆ. ಯಂತ್ರದ ಪೂಜೆ ಎಂದಿದ್ದರೆ ಇನ್ನೂ ಮೂವರು ಅಧಿಕಾರಿಗಳಿಗೆ ವಿವರಿಸಬೇಕಾಗುತ್ತಿತ್ತು," ಎಂದರು.

ಬಯಲು

ಇನ್ನೊಂದು ವಿಮಾನ, ಆಮೇಲೆ ಅರ್ಧ ದಿನ ಬಸ್ಸು. ಬಾಗೇಪಲ್ಲಿ ಕಡೆಯ ಬಯಲನ್ನು ನೋಡಿದವರು ಅದರಿಂದ ಹುಣಸೆ ಮರಗಳನ್ನು, ಕೆರೆಗಳನ್ನು, ಊರುಗಳನ್ನು ತೆಗೆದುಬಿಟ್ಟು ಉಳಿದದ್ದನ್ನು ಊಹಿಸಿಕೊಳ್ಳಬೇಕು. ಹಳದಿ ಹುಲ್ಲು, ಗಾಳಿ. ನಮ್ಮ ಕಡೆ ಎತ್ತ ನೋಡಿದರೂ ಕಣ್ಣಿಗೆ ಒಂದು ಬಂಡೆಯೋ ಬೆಟ್ಟವೋ ಸಿಗುತ್ತದೆ. ಅಲ್ಲಿ ನೋಟ ಹೋದಷ್ಟೂ ಹೋಗುತ್ತಿತ್ತು, ನನಗೆ ತಲೆ ಸುತ್ತಿತು. ಕೇಂದ್ರದ ಹತ್ತಿರ ಮಾತ್ರ ಆನೆಯ ಬೆನ್ನಿನಂಥ ಒಂದು ಬಂಡೆ ನೆಲದಿಂದೆದ್ದಿತ್ತು. ಅದನ್ನು ಕೊರೆದು ನೆಲಮಾಳಿಗೆ ಮಾಡಿ, ಎರಡು ದೇಶಗಳ ಅಲುಗಾಟದ ಯಂತ್ರಗಳನ್ನು ಅದರೊಳಗೆ ಇಟ್ಟಿದ್ದರು. ಸುತ್ತ ಕಬ್ಬಿಣದ ಗೂಟ ನೆಟ್ಟು ಕೆಂಪು ಹಗ್ಗ ಕಟ್ಟಿದ್ದರು. ಎರಡೂ ಕಡೆಯ ಒಬ್ಬೊಬ್ಬರು ಜೊತೆಗಿಲ್ಲದೆ ಯಾರೂ ಹಗ್ಗದೊಳಗೆ ಹೋಗಬಾರದೆಂಬುದು ಒಪ್ಪಂದದ ಮೊದಲ ಮಾತು.

ನೂರು ಹೆಜ್ಜೆ ಆಚೆ ಒಂದು ಮರದ ಮನೆ. ಅದರ ದೊಡ್ಡ ಕೋಣೆಯಲ್ಲಿ, ಗೆರೆ ಬರೆಯುವ ಯಂತ್ರಗಳು ಎಡಕ್ಕೊಂದು ಬಲಕ್ಕೊಂದು. ಒಬ್ಬರ ಕಾಗದ ಇನ್ನೊಬ್ಬರಿಗೆ ಕಾಣದಂತೆ ನಡುವೆ ಹಲಗೆಯ ಅಡ್ಡ. ಸಂಜೆ ಮಾತ್ರ ಕಾಗದಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಬಾಗಿಲಿಗೆ ಎರಡು ಬೀಗ, ಇಬ್ಬರ ಕೈಯಲ್ಲಿ ಒಂದೊಂದು ಕೀಲಿ. ಮುನಿರಾಜು ಅದನ್ನು ನೋಡಿ, "ಭಾಗ ಆದ ಅಣ್ತಮ್ಮಂದಿರ ಅಡುಗೆಮನೆ ಇದ್ದಂಗಿದೆ ಅಣ್ಣಾ," ಎಂದ.

ರಷ್ಯದ ಮುಖ್ಯಸ್ಥರು ವಿಕ್ಟರ್, ಬಿಳಿ ಮೀಸೆಯ ಗಂಭೀರ ಮನುಷ್ಯ. ಅಮೆರಿಕದ ಮುಖ್ಯಸ್ಥರು ಹೆರಾಲ್ಡ್, ಎತ್ತರದವರು, ಮಾತಾಡುವಾಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಎರಡೇ ಕಾಲಿನ ಮೇಲೆ ನಿಲ್ಲಿಸುತ್ತಿದ್ದರು. ಮೊದಲ ಭೇಟಿಯಲ್ಲೇ ಎಡವಟ್ಟಾಯಿತು. ಹೆರಾಲ್ಡ್ ಬಾಗಿಲಾಚೆ ನಿಂತು ಕೈ ಚಾಚಿದರು, ಒಳಗಿದ್ದ ವಿಕ್ಟರ್ ಕೈ ಕೊಡಲಿಲ್ಲ. ಹೆರಾಲ್ಡರ ಮುಖ ಕೆಂಪಾಯಿತು. ಹೊಸ್ತಿಲ ಮೇಲಿಂದ ಕೈ ಕುಲುಕಿದರೆ ಜಗಳವಾಗುತ್ತದೆಂದು ರಷ್ಯದವರ ನಂಬಿಕೆ ಎಂದು ನೀನಾ ವಿವರಿಸಿದ ಮೇಲೆ ಅವರು ಒಳಗೆ ಬಂದು ಮತ್ತೆ ಕೈ ಚಾಚಿದರು. ನಮ್ಮಲ್ಲೂ ಹೊಸ್ತಿಲ ಮೇಲೆ ನಿಂತು ಏನನ್ನೂ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದು ನಾನು ಹೇಳಿದೆ. ವಿಕ್ಟರ್ ನನ್ನ ಕಡೆ ಮೊದಲ ಸಲ ನೋಡಿ ತಲೆಯಾಡಿಸಿದರು.

ಯಂತ್ರಗಳನ್ನು ಪರೀಕ್ಷಿಸಿ ಹೊಂದಿಸಲು ಎರಡು ದಿನ ಹಿಡಿಯಿತು. ಎರಡನೆಯ ಸಂಜೆ ಇಬ್ಬರು ಮುಖ್ಯಸ್ಥರೂ ನಮ್ಮೆದುರು ಹೇಳಿದರು: ಯಂತ್ರ ನಿಲ್ಲಿಸಿದ್ದೇವೆ. ನಾಳೆ ಹತ್ತು ಗಂಟೆಗೆ, ಎಲ್ಲರ ಸಮಕ್ಷಮದಲ್ಲಿ, ಒಂದೇ ಕ್ಷಣಕ್ಕೆ ಚಾಲೂ ಮಾಡುತ್ತೇವೆ. ಅದಕ್ಕೆ ಮುಂಚೆ ಯಾರೂ ಮಾಡುವುದಿಲ್ಲ. ಬಾಗಿಲಿಗೆ ಎರಡೂ ಬೀಗ ಬಿದ್ದವು.

ಮಾರನೆಯ ದಿನ ಆಯುಧ ಪೂಜೆ.

ಬೆಳಿಗ್ಗೆ

ನಾನು ಮಾಡಿದ್ದನ್ನು ಯೋಚಿಸದೆ ಮಾಡಲಿಲ್ಲ. ಓಡುತ್ತಿರುವ ಯಂತ್ರದ ಹತ್ತಿರ ಜೋರಾಗಿ ಹೆಜ್ಜೆ ಕೂಡ ಇಡಬಾರದೆಂದು ನನಗೆ ಗೊತ್ತು. ಆದರೆ ಯಂತ್ರ ನಿಂತಿತ್ತು. ಚಾಲೂ ಆಗುವ ಮೊದಲೇ ಪೂಜೆ ಆಗಬೇಕಾದ್ದು. ಹಗ್ಗದ ಒಳಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಬಂಡೆಯ ಒಂದು ತುದಿ ಹಗ್ಗದಿಂದ ಹೊರಗೆ ಚಾಚಿತ್ತು.

ಕಾವಲಿಗೆ ಯೂರಿ ಎಂಬಾತ ಇದ್ದ. ನನ್ನ ವಯಸ್ಸಿನವನೇ, ನಿವೃತ್ತಿಗೆ ಹತ್ತಿರವಿದ್ದವನು. ಅವನಿಗೆ ನನ್ನ ಭಾಷೆ ಬಾರದು, ನನಗೆ ಅವನದು ಬಾರದು. ಕಾಯಿ ತೋರಿಸಿದೆ, ಬಂಡೆ ತೋರಿಸಿದೆ, ಆಕಾಶ ತೋರಿಸಿ ಕೈ ಮುಗಿದೆ. ಅವನು ಹಗ್ಗ ತೋರಿಸಿ ಬೆರಳು ಆಡಿಸಿದ. ನಾನು ಹಗ್ಗದಿಂದ ನಾಲ್ಕು ಹೆಜ್ಜೆ ಎಣಿಸಿಕೊಂಡು ಹೊರಗೆ ನಿಂತೆ. ಅವನು ಸರಿ ಎಂದು ತಲೆಯಾಡಿಸಿದ. ಗಾಳಿಗೆ ಕರ್ಪೂರ ಹತ್ತಲಿಲ್ಲ. ಮೂರನೆಯ ಕಡ್ಡಿಗೆ ಅವನೇ ಟೋಪಿ ತೆಗೆದು ಅಡ್ಡ ಹಿಡಿದ. ಕರ್ಪೂರ ಉರಿದು ಮುಗಿದ ಮೇಲೆ ಕಾಯಿಯನ್ನು ಬಂಡೆಗೆ ಹೊಡೆದೆ. ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಯಿತು. ಅಲ್ಲಿನ ಸಮಯಕ್ಕೆ ಸರಿಮಾಡಿಕೊಂಡಿದ್ದ ಕೈಗಡಿಯಾರ ನೋಡಿದೆ. ಜೇಬಿನ ಡೈರಿ ತೆಗೆದು, ಊರಿನ ಅಭ್ಯಾಸದಂತೆ, "6-52. ಕಾಯಿ" ಎಂದು ಬರೆದೆ.

ಯೂರಿಗೆ ಒಂದು ಚೂರು ಕೊಟ್ಟೆ. ಉಳಿದದ್ದನ್ನು ಸಣ್ಣಗೆ ಹೆಚ್ಚಿ, ಸಕ್ಕರೆ ಬೆರೆಸಿ, ತಿಂಡಿಯ ಮೇಜಿನ ಮೇಲಿಟ್ಟೆ. ಎಲ್ಲರೂ ತಿಂದರು. ಹೆರಾಲ್ಡ್ ಎರಡು ಸಲ ಹಾಕಿಸಿಕೊಂಡರು. ವಿಕ್ಟರ್ ಹಾಲಿಲ್ಲದ ಚಹಾವನ್ನು ಗಾಜಿನ ಲೋಟದಲ್ಲಿ ಹಿಡಿದು, ಸಕ್ಕರೆಯ ಗಟ್ಟಿಯ ಬದಲು ಕಾಯಿ ಚೂರನ್ನೇ ದವಡೆಯಲ್ಲಿಟ್ಟುಕೊಂಡು ಗುಟುಕರಿಸಿದರು.

ಹತ್ತು ಗಂಟೆ

ಒಂಬತ್ತೂವರೆಗೆ ಇಬ್ಬರೂ ಒಟ್ಟಿಗೆ ಬೀಗ ತೆಗೆದು ತಂತಮ್ಮ ಹಲಗೆಯ ಹಿಂದೆ ಹೋದರು. ನಾವು ಸಾಕ್ಷಿಗಳು ಗೋಡೆಯ ಬದಿಯ ಬೆಂಚಿನಲ್ಲಿ ಕೂತಿದ್ದೆವು. ಸ್ವಲ್ಪ ಹೊತ್ತಿಗೆ ಹೆರಾಲ್ಡ್ ಈಚೆ ಬಂದರು. ಮುಖ ಬದಲಾಗಿತ್ತು.

"ಇವತ್ತು ಬೆಳಿಗ್ಗೆ ನೆಲಮಾಳಿಗೆಯ ಹತ್ತಿರ ಯಾರು ಹೋಗಿದ್ದರು?"

ವಿಕ್ಟರ್ ಕೂಡ ಈಚೆ ಬಂದರು. "ನಾನೂ ಅದನ್ನೇ ಕೇಳಬೇಕೆಂದಿದ್ದೆ."

"ನೀವು ಯಾಕೆ ಕೇಳಬೇಕೆಂದಿದ್ದಿರಿ?"

"ನೀವು ಯಾಕೆ ಕೇಳುತ್ತಿದ್ದೀರಿ?"

ನೀನಾ ಒಂದೇ ಪ್ರಶ್ನೆಯನ್ನು ಎರಡು ಭಾಷೆಗಳಲ್ಲಿ ಹಿಂದಕ್ಕೂ ಮುಂದಕ್ಕೂ ಸಾಗಿಸಿದರು. ಇಬ್ಬರೂ ಉತ್ತರಿಸಲಿಲ್ಲ. ಹೆರಾಲ್ಡ್, ನೆಲಮಾಳಿಗೆ ತೆರೆದು ತಮ್ಮ ಯಂತ್ರಕ್ಕೆ ಯಾರೂ ಕೈ ಹಾಕಿಲ್ಲವೆಂದು ನೋಡುವವರೆಗೆ ಚಾಲೂ ಮಾಡುವುದಿಲ್ಲ ಎಂದರು. ಮುಚ್ಚಿ ಮುದ್ರೆ ಹಾಕಿದ ನೆಲಮಾಳಿಗೆ ತೆರೆಯಲು ಮಾಸ್ಕೋದಿಂದ ಕಾಗದ ಬರಬೇಕು ಎಂದು ವಿಕ್ಟರ್ ಹೇಳಿದರು. ಹಾಗಾದರೆ ನಾವು ಪೆಟ್ಟಿಗೆ ಕಟ್ಟುತ್ತೇವೆ ಎಂದರು ಹೆರಾಲ್ಡ್. ಕಟ್ಟಬಹುದು ಎಂದರು ವಿಕ್ಟರ್. ಹೆರಾಲ್ಡರ ಜೊತೆಯವರೊಬ್ಬರು ನಿಜವಾಗಿಯೂ ಎದ್ದುಹೋಗಿ, ಬಸ್ಸಿನ ಡ್ರೈವರನ್ನು ಹುಡುಕಿದರು.

ನನಗೆ ಆ ಹೊತ್ತಿಗೆ ಎಲ್ಲ ಅರ್ಥವಾಗಿತ್ತು. ನಿಂತ ಯಂತ್ರ ಏನನ್ನೂ ಬರೆಯುವುದಿಲ್ಲ. ಇವರಿಗೆ ಬೆಳಗಿನ ಸಂಗತಿ ಗೊತ್ತಾಗಿದೆ ಎಂದರೆ ಯಂತ್ರ ಓಡುತ್ತಿತ್ತು ಎಂದೇ ಅರ್ಥ. ಒಬ್ಬರದಲ್ಲ, ಇಬ್ಬರದೂ. ಇಬ್ಬರೂ ನಿಲ್ಲಿಸಿದ್ದೇವೆಂದು ಹೇಳಿ, ಇನ್ನೊಬ್ಬರು ನಿಲ್ಲಿಸಿರಲಾರರು ಎಂದುಕೊಂಡು, ನಿಲ್ಲಿಸದೆ ಬಿಟ್ಟಿದ್ದರು. ಈಗ ಇಬ್ಬರ ಕಾಗದದ ಮೇಲೂ ನನ್ನ ಹೆಜ್ಜೆಗಳೂ ನನ್ನ ಕಾಯಿಯೂ ಕೂತಿದ್ದವು. ಬಾಯಿಬಿಟ್ಟು ಹೇಳಲು ಇಬ್ಬರಿಗೂ ಆಗುತ್ತಿರಲಿಲ್ಲ.

ಮುನಿರಾಜುವಿಗೂ ಹೊಳೆದಿತ್ತು. ನನ್ನ ಮೊಣಕೈ ಹಿಡಿದುಕೊಂಡ. "ಊರ್ಕೋ ಅಣ್ಣಾ. ಸುಮ್ನಿರು. ದೊಡ್ಡೋರ ಜಗಳ, ಅವರೇ ಏನಾದ್ರೂ ಮಾಡ್ಕೊಳ್ಳಿ."

"ಕಾಯಿ ಒಡೆದಿದ್ದು ನಾನು ಕಣೋ."

"ಹೌದಪ್ಪಾ, ತಿಂದಿದ್ದು ಅವರು! ಈಗ ಹೇಳಿದ್ರೆ ನಾಳೆ ಎಂಬೆಸಿಗೆ ಹೋಗುತ್ತೆ, ನಾಡಿದ್ದು ನಮ್ಮ ಆಫೀಸಿಗೆ. ಇಂಡಿಯಾದೋನು ಬಾಂಬಿನ ಯಂತ್ರದ ಹತ್ರ ಓಡಾಡ್ತಿದ್ದ ಅಂತಾರೆ. ನೌಕರಿ ಇರುತ್ತಾ? ಅಕ್ಕಂಗೆ ಏನು ಹೇಳ್ಲಿ ನಾನು?"

ನಾನು ಸುಮ್ಮನಿದ್ದೆ. ಇದನ್ನು ಸರಿಯಾಗಿಯೇ ಬರೆಯಬೇಕು: ಒಂದು ಗಂಟೆ ಹತ್ತು ನಿಮಿಷ ಸುಮ್ಮನಿದ್ದೆ. ಎರಡು ದೇಶಗಳ ಮಾತು ನನ್ನಿಂದ ಮುರಿಯುತ್ತಿದೆ ಎಂಬ ಯೋಚನೆ ನನ್ನನ್ನು ಎಬ್ಬಿಸಲಿಲ್ಲ, ಅದು ನನ್ನ ಅಳತೆಗೆ ಮೀರಿದ್ದು. ಜೇಬಿನ ಡೈರಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ.

ಆಮೇಲೆ ವಿಕ್ಟರ್ ಯೂರಿಯನ್ನು ಕರೆಸಿದರು. ಅವನು ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತ. ವಿಕ್ಟರ್ ಕೇಳಿದ ಪ್ರಶ್ನೆಗಳಿಗೆಲ್ಲ ಅವನದು ಒಂದೇ ಉತ್ತರ. ನೀನಾ ನಮಗೆ ಮೆಲ್ಲಗೆ ಹೇಳಿದರು: "ಹಗ್ಗದೊಳಗೆ ಯಾರೂ ಬರಲಿಲ್ಲ ಎನ್ನುತ್ತಾನೆ. ಹೊರಗೆ ಯಾರಿದ್ದರು ಎಂದರೆ, ಹೊರಗಿನದು ತನಗೆ ಗೊತ್ತಿಲ್ಲ ಎನ್ನುತ್ತಾನೆ." ವಿಕ್ಟರ್ ಒಂದು ಮಾತು ಹೇಳಿದರು. ಯೂರಿ ಸೊಂಟದ ಬೆಲ್ಟು ಬಿಚ್ಚಿ, ಅದರಲ್ಲಿದ್ದ ಪಿಸ್ತೂಲಿನ ಸಮೇತ ಮೇಜಿನ ಮೇಲಿಟ್ಟ. "ಕೆಲಸದಿಂದ ತೆಗೆದು ವಿಚಾರಣೆಗೆ ಕಳಿಸುತ್ತಾರೆ," ಎಂದರು ನೀನಾ. ಯೂರಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಕಣ್ಣು ತಪ್ಪಿಸುತ್ತಿದ್ದೆನೇನೋ. ನೋಡದಿದ್ದದ್ದರಿಂದ ಎದ್ದು ನಿಂತೆ.

"ಎಷ್ಟು ಗಂಟೆಗೆ ಆದದ್ದು ಅದು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಹೆರಾಲ್ಡ್ ಉತ್ತರಿಸಲು ತಡಮಾಡಿದರು. ಕೊನೆಗೆ, "ಆರು ಐವತ್ತೆರಡು," ಎಂದರು.

ಡೈರಿ ತೆಗೆದು ಆ ಪುಟ ತೋರಿಸಿದೆ. ಕನ್ನಡದಲ್ಲಿದ್ದ ಆ ಒಂದು ಪದ ಏನೆಂದು ನೀನಾ ಕೇಳಿದರು. ಹೇಳಿದೆ. ಪೂಜೆ ಏನು, ಹಗ್ಗದಿಂದ ಎಷ್ಟು ಹೆಜ್ಜೆ, ಯಾರು ನಿಂತಿದ್ದರು, ಯಾರು ಬೆರಳಾಡಿಸಿ ತಡೆದರು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. "ಆ ಕಾಯಿ ಎಲ್ಲಿದೆ?" ಎಂದರು ಹೆರಾಲ್ಡ್. "ನೀವು ತಿಂದಿರಿ, ಸರ್. ಎರಡು ಸಲ," ಎಂದೆ. ನನಗೆ ತಮಾಷೆಯ ಉದ್ದೇಶವಿರಲಿಲ್ಲ. ಆದರೆ ಬೆಂಚಿನ ತುದಿಯಲ್ಲಿ ಯಾರಿಗೋ ಕೆಮ್ಮು ಬಂತು.

ವಿಕ್ಟರ್ ನಗಲಿಲ್ಲ. "ಆರು ಐವತ್ತೆರಡು ಎಂದು ನಿಮಗೆ ಹೇಗೆ ಗೊತ್ತು?" ಎಂದು ಹೆರಾಲ್ಡರನ್ನು ಕೇಳಿದರು.

ಹೆರಾಲ್ಡರ ಕಿವಿ ಕೆಂಪಗಾಗಿತ್ತು. ಅವರು ಸುಳ್ಳು ಹೇಳಬಹುದಿತ್ತು, ಎದ್ದು ಹೋಗಬಹುದಿತ್ತು. ಆದರೆ ನೋಟ ನೆಲದಲ್ಲಿಟ್ಟು ಕೂತರು. ವಿಕ್ಟರ್ ಅವರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಬೆಲ್ಟನ್ನು ನೋಡಿದರು. ಅವರು ಹಾಗೇ ಸುಮ್ಮನಿದ್ದುಬಿಟ್ಟಿದ್ದರೆ ಮೋಸಗಾರರಾಗಿ ಹೆರಾಲ್ಡ್ ಒಬ್ಬರೇ ಉಳಿಯುತ್ತಿದ್ದರು. ನಾನು ಈಗಲೂ ಆ ಕ್ಷಣವನ್ನು ನೆನೆಯುತ್ತೇನೆ.

"ನಮ್ಮ ಕಾಗದದಲ್ಲೂ ಆರು ಐವತ್ತೆರಡೇ ಇದೆ," ಎಂದರು ವಿಕ್ಟರ್.

ನೀನಾ ಅದನ್ನು ಇಂಗ್ಲಿಷಿಗೆ ತಂದರು. ಹೆರಾಲ್ಡ್ ತಲೆಯೆತ್ತಿದರು. ಮೊದಲು ನಕ್ಕವರು ಯಾರೆಂದು ನನಗೆ ಖಚಿತವಿಲ್ಲ, ಆದ್ದರಿಂದ ಬರೆಯುವುದಿಲ್ಲ. ಜೋರಾಗಿ ನಕ್ಕವನು ಮುನಿರಾಜು.

ಮಧ್ಯಾಹ್ನ

ಹೆರಾಲ್ಡ್ ಹಲಗೆಯ ಹಿಂದೆ ಹೋಗಿ ತಮ್ಮ ಕಾಗದ ತಂದರು. ವಿಕ್ಟರ್ ತಮ್ಮದನ್ನು ತಂದರು. ಕಿಟಕಿಯ ಬೆಳಕಿಗೆ ಒಂದರ ಮೇಲೊಂದು ಹಿಡಿದು ನೋಡಿದೆವು. ನನ್ನ ಹೆಜ್ಜೆಗಳು ಸಣ್ಣ ಸಣ್ಣ ಮುಳ್ಳುಗಳಾಗಿ ಬಂದು ನಿಂತಿದ್ದವು. ಆಮೇಲೆ ಕರ್ಪೂರ ಹಚ್ಚಿದ ಬಿಡುವು, ಆಮೇಲೆ ಒಂದೇ ಚೂಪಾದ ನೆಗೆತ. ಎರಡು ಕಾಗದದಲ್ಲೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಎರಡು ಯಂತ್ರ ಒಂದೇ ಗೆರೆ ಬರೆಯುತ್ತವೆಯೇ ಎಂದು ನೋಡಲು ನಾವೆಲ್ಲ ಇಷ್ಟು ದೂರ ಬಂದಿದ್ದೆವು. ಬರೆದಿದ್ದವು.

ಅದನ್ನು ಕಡತದಲ್ಲಿ ಏನೆಂದು ದಾಖಲಿಸುವುದು ಎಂದು ಅರ್ಧ ಗಂಟೆ ಚರ್ಚೆಯಾಯಿತು. "ಹೊಂದಿಸುವ ಕಾಲದ ಜಂಟಿ ದಾಖಲೆ" ಎಂದು ಬರೆದು ಇಬ್ಬರೂ ಸಹಿ ಮಾಡಿದರು. ಕಾರಣ ಎಂಬ ಕಡೆ ಒಬ್ಬರು ಇಂಗ್ಲಿಷಿನಲ್ಲಿ, ಒಬ್ಬರು ರಷ್ಯನ್ನಿನಲ್ಲಿ ತೆಂಗಿನಕಾಯಿ ಎಂದು ಬರೆದರು. ನಾನು ಇನ್ನೊಂದು ಹಾಳೆ ಕೇಳಿದೆ. ಕಾವಲುಗಾರ ಯೂರಿ ನಿಯಮದಂತೆ ನನ್ನನ್ನು ಹಗ್ಗದಿಂದ ಹೊರಗೇ ತಡೆದನೆಂದೂ, ಯಂತ್ರಗಳು ನಿಂತಿವೆ ಎಂಬ ಮಾತನ್ನು ಅವನೂ ನಾನೂ ನಂಬಿದ್ದೆವೆಂದೂ ಬರೆದುಕೊಟ್ಟೆ. ಕೊನೆಯ ವಾಕ್ಯವನ್ನು ಓದಿ ವಿಕ್ಟರ್ ಮೀಸೆ ತಿರುವಿದರು. ಹೆರಾಲ್ಡ್ ಪೆನ್ನು ತೆಗೆದುಕೊಂಡು, ರಷ್ಯದ ಕಾವಲುಗಾರನ ಪರವಾಗಿ ತಾವೇ ಮೊದಲು ಸಹಿ ಹಾಕಿದರು. ವಿಕ್ಟರ್ ಎರಡನೆಯವರಾದರು. ಬೆಲ್ಟನ್ನು ಎತ್ತಿ ಯೂರಿಯ ಕೈಗೆ ಕೊಟ್ಟವರೂ ಅವರೇ.

ಎರಡು ಗಂಟೆಗೆ ಯಂತ್ರಗಳು ಒಟ್ಟಿಗೆ ಚಾಲೂ ಆದವು. ಈ ಸಲ ಹೆರಾಲ್ಡ್ ಹಲಗೆ ದಾಟಿ ಹೋಗಿ ರಷ್ಯದವರ ಯಂತ್ರದ ದೀಪ ಹೊತ್ತಿದ್ದನ್ನು ನೋಡಿದರು, ವಿಕ್ಟರ್ ಬಂದು ಇವರದನ್ನು ನೋಡಿದರು. ನಾನು ಬೆಂಚಿಗೆ ಹಿಂತಿರುಗಿ ಕೂತೆ.

ಹತ್ತು ನಿಮಿಷವಾಗಿರಬೇಕು, ಎರಡೂ ಮುಳ್ಳು ಒಮ್ಮೆಲೇ ನೆಗೆದವು. ಮತ್ತೆ ನೆಗೆದವು. ಮತ್ತೆ. ಎಲ್ಲರೂ ಕಿಟಕಿಗೆ ನುಗ್ಗಿದೆವು. ಹೊರಗೆ ಗಾಳಿಯಲ್ಲಿ ಯೂರಿ ಒಬ್ಬನೇ ಮಂಡಿಯೂರಿದ್ದ. ಹಗ್ಗದ ಗೂಟಗಳನ್ನು ಒಂದೊಂದಾಗಿ ಕಿತ್ತು, ತನ್ನ ಬೂಟಿನಿಂದ ಐದೈದು ಹೆಜ್ಜೆ ಅಳೆದು, ಬಂಡೆಯ ತುದಿಯೂ ಒಳಗೆ ಬರುವಂತೆ ದೂರಕ್ಕೆ ನೆಡುತ್ತಿದ್ದ. ಪ್ರತಿ ಗೂಟಕ್ಕೂ ಒಂದು ದಪ್ಪ ಕಲ್ಲಿನಿಂದ ನಾಲ್ಕು ಏಟು.

"ಅಯ್ಯೋ ದೇವುಡಾ," ಎಂದ ಮುನಿರಾಜು.

ಯಾರೂ ಅವನನ್ನು ನಿಲ್ಲಿಸಲಿಲ್ಲ. ಹೆರಾಲ್ಡ್ ವಿಕ್ಟರರನ್ನು ನೋಡಿದರು, ವಿಕ್ಟರ್ ಹೆರಾಲ್ಡರನ್ನು ನೋಡಿದರು. ಇಬ್ಬರೂ ಕೈಗಡಿಯಾರ ನೋಡಿಕೊಂಡು, ಜೇಬಿನಿಂದ ಪೆನ್ಸಿಲ್ ತೆಗೆದು, ಒಂದೇ ಹಾಳೆಯ ಮೇಲೆ ಗಂಟೆ ನಿಮಿಷ ಬರೆದುಕೊಂಡರು.